ನಡುಮನೆಯ ಮಿಷನ್ನಿಗೆ ಹುಳ ಹತ್ತಿದ್ದು

ಗುಂಡಿ ಒತ್ತುವುದಕ್ಕೇ ಹುಟ್ಟಿದವನು ತಾನಲ್ಲ ಎಂಬುದನ್ನು ಲೋಕಕ್ಕೆ ತೋರಿಸಿಯೇ ಬಿಡುವುದೆಂದು ಯಲ್ದೂರು ಕಡೆಯ ಕದಿರೇಶ ಒಂದು ದಿನ ತೀರ್ಮಾನಿಸಿದ.

ಸಿಟ್ಟಿಗೆ ಕಾರಣವಿತ್ತು. ವೇಮಗಲ್‌ನ ಕಾರ್ಖಾನೆಯೊಂದರಲ್ಲಿ ಅವನು ಸಿಎನ್‌ಸಿ ಮಿಷನ್ನಿನ ಮುಂದೆ ನಿಲ್ಲುವವನು. ಕಂಪ್ಯೂಟರು ಹೇಳಿದಂತೆ ತಾನೇ ಕಬ್ಬಿಣ ಕೊರೆಯುವ ಮಿಷನ್ನು ಅದು. ಕದಿರೇಶನ ಪಾಲಿಗೆ ಬಂದದ್ದು ಅದರ ಎರಡು ಗುಂಡಿ. ಹಸಿರು ಒತ್ತಬೇಕು, ಎಡವಟ್ಟಾದರೆ ಕೆಂಪು ಒತ್ತಬೇಕು. ಬಾಗಿಲು ತೆಗೆದು ಒಂದು ಸ್ಕ್ರೂ ತಿರುಗಿಸಿದರೆ ಮೆಮೊ. ವರ್ಷಗಟ್ಟಲೆ ಪಕ್ಕದಲ್ಲೇ ನಿಂತವನು ಮುಟ್ಟಿದರೆ ಮಿಷನ್ನಿಗೆ ಮೈಲಿಗೆ! ಈ ಮಡಿವಂತಿಕೆಯನ್ನು ಯಾವ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಸುತ್ತಾರೋ ಕಾಣೆ.

"ನಾನೇ ಒಂದು ಮಾಡ್ತೀನಿ ಕಣೇ. ಎಲ್ಲಿ ಬೇಕೋ ಅಲ್ಲಿ ಮುಟ್ತೀನಿ," ಎಂದ ಹೆಂಡತಿ ಸುನಂದಳಿಗೆ.

"ಎಲ್ಲಿಟ್ಕೊಂಡು ಮುಟ್ತೀರ?"

"ನಡುಮನೇಲಿ."

ಹಳೇ ಮಂಚದ ಚೌಕಟ್ಟು, ಅಡುಗೆಮನೆ ಡ್ರಾಯರಿನ ಚಾನಲ್ಲು, ಕೋಲಾರದ ಗುಜರಿಯ ಕಂಬಿ, ಹಲ್ಲಿನ ಬೆಲ್ಟು, ಹೊಸ ಮೋಟಾರು. ಮಹಾಯಂತ್ರ ಎದ್ದು ನಿಂತಿತು. ಮೋಟಾರು ಬಂದದ್ದು ಸುನಂದ ಸಾಕಿದ ರೇಷ್ಮೆ ಹುಳದ ಹೋದ ಸಲದ ಬೆಳೆಯ ದುಡ್ಡಿನಿಂದ. ಕದಿರೇಶ ಇದನ್ನು ಯಾರಿಗೂ ಹೇಳಿರಲಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ. ಹೆಂಗಸು ಬೆಳಗಿನಿಂದ ಸೊಪ್ಪು ಹೊತ್ತು ತಂದರೆ ಅದು "ಹುಳದ ಕೆಲಸ", ಗಂಡಸು ಕುಕ್ಕರಗಾಲಲ್ಲಿ ಕೂತು ಸ್ಕ್ರೂ ತಿರುಗಿಸಿದರೆ ಅದು "ಪ್ರಾಜೆಕ್ಟು".

ಮೊದಲು ಪೆನ್ನು ಸಿಕ್ಕಿಸಿ, ಕಾಗದದ ಮೇಲೆ ಒಂದು ರೌಂಡು ಬರೆಯಲು ಹೇಳಿದ. ಮಿಷನ್ನು ಗುರ್ರೆಂದು ಹೊರಟು, ನಡುಗುತ್ತಾ ಸುತ್ತಿ ಬಂದು ನಿಂತಿತು.

"ಮಾವಿನಕಾಯಿ ಚೆನ್ನಾಗಿದೆ," ಎಂದಳು ಸುನಂದ.

"ಅದು ರೌಂಡು ಕಣೇ."

"ಹೌದಾ? ತೊಟ್ಟು ಬಾಕಿ ಇದೆ ಅಂದ್ಕೊಂಡೆ."

ಬೆಲ್ಟು ಬಿಗಿದರೆ ಮೋಟಾರು ನರಳಿತು, ಸಡಿಲಿಸಿದರೆ ರೌಂಡು ಹೊಟ್ಟೆ ಬಿಟ್ಟಿತು. ಅಷ್ಟರಲ್ಲಿ ಸುನಂದಳ ತಮ್ಮ ಅನಿಲ್‌ಕುಮಾರ್ ಬಂದ. ಅದೇ ಕಾರ್ಖಾನೆಯಲ್ಲಿ ಸೂಪರ್‌ವೈಸರು. ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಏಂ ಬಾವ, ಇದು ಮಿಷನ್ನಾ ಮಂಚಮಾ?" ಎಂದು ತೆಲುಗು ಬೆರೆಸಿ ಕೇಳಿದ.

ಕದಿರೇಶನಿಗೆ ಉರಿದುಹೋಯಿತು. "ಈ ಭಾನುವಾರ ಬಾರ್ಲಾ. ಹಲಗೆ ಮೇಲೆ ರೌಂಡು ಕೊರೆದು ತೋರಿಸ್ತೀನಿ. ಕೂದಲೆಳೆ ವ್ಯತ್ಯಾಸ ಇದ್ರೆ ಕೇಳು."

"ಇದ್ರೆ ಅವತ್ತೇ ಇದು ಕೊಟ್ಟಿಗೆಗೆ ಹೋಗ್ಬೇಕು, ಎಮ್ಮೆ ಪಕ್ಕಕ್ಕೆ," ಎಂದಳು ಸುನಂದ.

"ಹೋಗ್ಲಿ. ರೌಂಡು ಬಂದ್ರೆ?"

"ನಡುಮನೇಲೇ ಇರ್ಲಿ. ನಾನು ಬಳಸ್ಕೊಂಡು ಓಡಾಡ್ತೀನಿ."

ಒಪ್ಪಂದವಾಯಿತು. ಜೊತೆಗೆ ಸುನಂದಳದೊಂದು ಷರತ್ತು: ಮರದ ಪುಡಿ ಪಕ್ಕದ ಹುಳದ ಮನೆಗೆ ಹಾರಕೂಡದು, ಹುಳಕ್ಕಾಗದು. ಕದಿರೇಶ ತಲೆ ಓಡಿಸಿದ. ಜಗಲಿಯಲ್ಲಿ ಹುಳ ಗೂಡು ಕಟ್ಟುವ ಚಂದ್ರಿಕೆಗಳು ಒರಗಿದ್ದವು. ಬಿದಿರಿನ ದೊಡ್ಡ ತಡಿಕೆ, ಅದರ ಮೇಲೆ ಸುರುಳಿ ಸುತ್ತಿದ ಬಿದಿರ ಪಟ್ಟಿ. ಇದ್ದಬದ್ದವನ್ನೆಲ್ಲ ತಂದು, ಹಿಂದೆ ಪ್ಲಾಸ್ಟಿಕ್ ಹೊದಿಸಿ, ಸುರುಳಿಯ ಮುಖ ಒಳಗೆ ಮಾಡಿ, ಮಿಷನ್ನಿನ ನಾಲ್ಕೂ ಕಡೆ ಚೌಕಟ್ಟಿಗೇ ಸ್ಕ್ರೂ ಹಾಕಿ ಬಿಗಿದ. ಬಿಗಿದದ್ದೇ ತಡ, ಚೌಕಟ್ಟಿನ ನಡುಕ ನಿಂತಿತು. ಶನಿವಾರ ಬೆಳಿಗ್ಗೆ ಹಲಗೆಯ ಮೇಲೆ ರೌಂಡು ಬಂತು. ಬಳೆಯಂಥ ರೌಂಡು. ನೋಡಲು ಮನೆಯಲ್ಲಿ ಯಾರೂ ಇರಲಿಲ್ಲ. ತನ್ನ ಅಕ್ಕನ ಮೊಮ್ಮಗುವಿನ ನಾಮಕರಣಕ್ಕೆಂದು ಸುನಂದ ಆಗತಾನೆ ನಂಗಲಿಗೆ ಹೋಗಿದ್ದಳು. ಹುಳ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವುದು ಸೋಮವಾರ ಎಂಬುದು ಅವಳ ಲೆಕ್ಕ.

ಬಿಸಿಲಿಗೆ ಆ ಲೆಕ್ಕ ಗೊತ್ತಿರಲಿಲ್ಲ. ಮಧ್ಯಾಹ್ನ ಕದಿರೇಶ ಫೋನು ಮಾಡಿದ.

"ಲೇ, ಹುಳ ಸೊಪ್ಪು ಮುಟ್ತಿಲ್ಲ. ತಲೆ ಎತ್ಕೊಂಡು ನನ್ನೇ ನೋಡ್ತಾವೆ."

"ಮೈ ಹೆಂಗಿದೆ?"

"ಹಳದಿ ಗಾಜಿನ ಥರ."

"ಅಯ್ಯೋ, ಹಣ್ಣಾಗ್ಬಿಟ್ವು. ಈಗ್ಲೇ ಆರಿಸಿ ಚಂದ್ರಿಕೆಗೆ ಬಿಡ್ರಿ. ಎಲ್ಲಿದೆ ಗೊತ್ತಲ್ಲ?"

"ನನಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತು?"

ಸ್ಕ್ರೂ ಬಿಚ್ಚಬೇಕಿತ್ತು. ಬಿಚ್ಚಿದರೆ ನಡುಕ, ನಡುಕ ಬಂದರೆ ಮಾವಿನಕಾಯಿ, ಮಾವಿನಕಾಯಿಯಾದರೆ ಕೊಟ್ಟಿಗೆ. ಮನೆಗೆ ಅನ್ನ ಹಾಕುವ ಬೆಳೆ ಒಂದು ಕಡೆ, ತನ್ನ ರೌಂಡು ಇನ್ನೊಂದು ಕಡೆ. ಮಹಾನುಭಾವ ಬಿಚ್ಚಲಿಲ್ಲ! ಹುಳಗಳನ್ನು ಮಂಕರಿಯಲ್ಲಿ ತಂದು, ನಿಂತಿದ್ದ ಚಂದ್ರಿಕೆಗಳಿಗೆ ನಿಂತ ಹಾಗೇ ಒತ್ತೊತ್ತಾಗಿ ಅಂಟಿಸಿ, ಕೈ ಒರೆಸಿಕೊಂಡು ಜಗಲಿಯಲ್ಲಿ ಮಲಗಿದ. ಕೆಲಸ ಎಂದರೆ ಅಷ್ಟೇ ಅವನಿಗೆ. ಇಕ್ಕಟ್ಟಾದರೆ ಹುಳ ಜಾಗ ಹುಡುಕಿಕೊಂಡು ಹೊರಡುತ್ತದೆ ಎಂಬುದು ಸುನಂದಳಿಗೆ ಗೊತ್ತಿತ್ತು. ಇವನು ಎಂದಾದರೂ ಕೇಳಿದ್ದರೆ ತಾನೇ?

ಭಾನುವಾರ ಬೆಳಿಗ್ಗೆ ಸುನಂದ, ಅನಿಲ್‌ಕುಮಾರ್ ಇಬ್ಬರೂ ನಂಗಲಿಯಿಂದ ಒಟ್ಟಿಗೆ ಬಂದಿಳಿದರು. ಕದಿರೇಶ ಗತ್ತಿನಿಂದ ಪ್ಲಾಸ್ಟಿಕ್ ಸರಿಸಿದ.

ಮಿಷನ್ನು ಬೆಳ್ಳಗಿತ್ತು. ಕಂಬಿಗಳ ನಡುವೆ ಎಳೆ, ಬೆಲ್ಟಿನ ಹಲ್ಲಿಗೆ ಎಳೆ, ಸ್ಕ್ರೂ ರಾಡಿನ ಉದ್ದಕ್ಕೂ ಸಾಲು ಸಾಲು ಅರ್ಧ ಕಟ್ಟಿದ ಗೂಡು. ನಿನ್ನೆ ರೌಂಡು ಕೊರೆದ ಹಲಗೆಯೂ ಆ ಬಿಳುಪಿನಡಿ ಮುಚ್ಚಿಹೋಗಿತ್ತು. ಗೂಡು ಕಟ್ಟುವ ಮುಂಚೆ ಹುಳ ಒಮ್ಮೆ ಹೊಟ್ಟೆ ಖಾಲಿ ಮಾಡಿಕೊಳ್ಳುತ್ತದಲ್ಲ, ಆ ಕಾರ್ಯಕ್ಕೆ ಮೋಟಾರನ್ನೇ ಆರಿಸಿಕೊಂಡಿದ್ದವು.

"ರೌಂಡು ಎಲ್ಲಿ ಬಾವ?" ಎಂದ ಅನಿಲ್‌ಕುಮಾರ್.

ಕದಿರೇಶನ ಕೈ ಸ್ವಿಚ್ಚಿನತ್ತ ಹೋಯಿತು.

"ಮುಟ್ಟಿದ್ರೆ ನೋಡಿ," ಎಂದಳು ಸುನಂದ.

"ನನ್ನ ಮಿಷನ್ನು ಕಣೇ!"

"ನನ್ನ ಗೂಡು. ಕಟ್ಟಿ ಮುಗಿಸಿ ಬಿಡಿಸೋವರೆಗೂ ಒಂದು ಸ್ಕ್ರೂನೂ ಅಲ್ಲಾಡಿಸಂಗಿಲ್ಲ."

"ನಿನ್ನೆ ರೌಂಡು ಬಂದಿತ್ತು, ನಿನ್ನಾಣೆ."

"ನೋಡ್ದೋರು ಯಾರು?"

"ಹುಳ ನೋಡಿರ್ತಾವೆ ಬಿಡಕ್ಕ," ಎಂದ ತಮ್ಮ. ಇಂಥವರೇ ನಮ್ಮ ಕಾರ್ಖಾನೆಗಳನ್ನು ನಡೆಸುವವರು.

ಗೂಡು ಬಿಡಿಸುವ ದಿನ ಬಂತು. ಚಂದ್ರಿಕೆಯಲ್ಲಿ ಒತ್ತಿಟ್ಟ ಕಡೆಯೆಲ್ಲ ಕಲೆ ಬಿದ್ದ ಗೂಡು, ಎರಡು ಹುಳ ಸೇರಿ ಕಟ್ಟಿದ, ಬೆಲೆ ಬಾರದ ಜೋಡಿ ಗೂಡು. ಸುನಂದ ಬೈಯುತ್ತಲೇ ಬಿಡಿಸಿದಳು, ಒಂದೊಂದು ಬೈಗುಳವೂ ನ್ಯಾಯವಾಗಿಯೇ ಇತ್ತು. ಮಿಷನ್ನಿನ ಕಂಬಿಗಳ ನಡುವಿನದನ್ನು ಬಿಡಿಸತೊಡಗಿದಳು. ಒಂದನ್ನು ಬೆರಳಲ್ಲಿ ಅದುಮಿ ನೋಡಿದಳು, ಕಿವಿಯ ಹತ್ತಿರ ಅಲ್ಲಾಡಿಸಿದಳು. ಗಟ್ಟಿ ಗೂಡು, ಹಾಲಿನಂಥ ಬಿಳುಪು.

ಕದಿರೇಶ ಅಷ್ಟರಲ್ಲಿ ಚೌಕಟ್ಟಿಗೆ ಕೈಹಾಕಿ ಎತ್ತುತ್ತಿದ್ದ.

"ಎಲ್ಲಿಗ್ರೀ?"

"ಕೊಟ್ಟಿಗೆಗೆ. ಮಾತು ಅಂದ್ರೆ ಮಾತು."

"ಇಳಿಸಿ ಕೆಳಗೆ. ನಡುಮನೇಲೇ ಇರ್ಲಿ."

ಕದಿರೇಶನ ಎದೆ ಉಬ್ಬಿತು. ಕೊನೆಗೂ ಯೋಗ್ಯತೆ ಗುರುತಿಸುವ ಒಂದು ಜೀವ!

"ಮುಂದಿನ ಬೆಳೆ ಹೊತ್ತಿಗೆ ಇಂಥದ್ದೇ ಇನ್ನೆರಡು ಮಾಡ್ಕೊಡಿ," ಎಂದಳು.

ಬಾಳಿನ ಮೊದಲ ಆರ್ಡರು. ಗಂಟಲು ಸರಿಮಾಡಿಕೊಂಡು, "ಇದೇ ಅಳತೇಲೇನೇ?" ಎಂದು ಕೇಳಿದ.

"ಇದೇ ಅಳತೆ. ಮೋಟ್ರು ಮಾತ್ರ ಬೇಡ, ಹುಳಕ್ಕೆ ಅಡ್ಡ ಬರುತ್ತೆ."