ಎಂಟು ಕೈಯ ಜುಬಾನು

ಮಿಸಾವೊಳ ಕನಸು ಕಾಣುತ್ತ ಕೆಂಡದ ಇಸ್ತ್ರಿ ತಿಕ್ಕುತ್ತಿದ್ದ ಕಿನ್ಸಾಕುವಿನ ಕೈಯಲ್ಲಿ, ಅವನ ಒಂದೇ ಒಂದು ಜುಬಾನಿನ ಬೆನ್ನಿಗೆ ತಟ್ಟೆಯಗಲದ ತೂತು ಬಿತ್ತು. ಮೂರು ವರ್ಷ ದೂರದಿಂದಲೇ ನೋಡಿದ ಹುಡುಗಿ. ಇವತ್ತು ಮಧ್ಯಾಹ್ನ ಅವಳ ಮನೆಯಲ್ಲಿ ಮಾತುಕತೆ. ಕಿಮೋನೊದ ಒಳಗೆ ಈ ಒಳನಿಲುವಂಗಿ ಇಲ್ಲದೆ ಹೋಗುವಂತಿಲ್ಲ.

ಸುಟ್ಟ ವಾಸನೆ ಹಿಡಿದು ಪಕ್ಕದ ಮನೆಯ ತಾಕೆ ಚಿಕ್ಕಮ್ಮ ಬಂದಳು. ಸಂಬಂಧ ಕುದುರಿಸಿದವಳು ಅವಳೇ. ತೀರಿಹೋದ ಗಂಡನ ಜುಬಾನು ತಂದು ಹರವಿದಳು. ಬೆನ್ನ ತುಂಬ ಒಂದು ಕೆಂಪು ಆಕ್ಟೋಪಸ್ಸು, ಎಂಟು ಕೈಯಲ್ಲಿ ಎಂಟು ಸಾಕೆ ಮದ್ಯದ ಬಟ್ಟಲು ಹಿಡಿದು ಕುಣಿಯುತ್ತಿತ್ತು.

"ಚಿಕ್ಕಮ್ಮಾ, ಇದನ್ನ ಹಾಕ್ಕೊಂಡು ಹೆಣ್ಣು ಕೇಳೋದಾ?"

"ಹೊರಗೆ ಕಾಣೋದು ಕೊರಳಪಟ್ಟಿ ಒಂದೇ ಕಣೋ ಪೆದ್ದ. ಬೂದು ಪಟ್ಟಿ ಹೊಲಿದುಬಿಟ್ರೆ ನೀನು ಮಠದ ಸನ್ಯಾಸಿ!"

ಮಧ್ಯಾಹ್ನ ಇಬ್ಬರೂ ಹುಡುಗಿಯ ಮನೆಗೆ ಹೋದರು. ಅವಳ ತಂದೆ ನೋಗುಚಿ ಯಜಮಾನರದು ಒಣಮೀನಿನಂಥ ಮುಖ. ಕಿನ್ಸಾಕು ಹೆದರಿ ಬಗ್ಗಿ ನಮಸ್ಕರಿಸಿದ. ಕಿಮೋನೊದ ತೋಳು ಮುಂದಿಟ್ಟಿದ್ದ ಬಿಸಿ ಸಾರಿನ ಬಟ್ಟಲಿಗೆ ಬಿತ್ತು. ಎದ್ದ ರಭಸಕ್ಕೆ ಬಟ್ಟಲೇ ಮೈಮೇಲೆ ಬಂತು.

"ಅಯ್ಯೋ, ಸುಡುತ್ತಪ್ಪಾ, ಕಿಮೋನೊ ಬಿಚ್ಚು!" ಹುಡುಗಿಯ ತಾಯಿ ಓಡಿಬಂದರು.

"ಬೇಡಮ್ಮ, ಹಿತವಾಗಿದೆ!" ಎಂದ ಕಿನ್ಸಾಕು. ಮೈಯಿಂದ ಹಬೆ ಏಳುತ್ತಿತ್ತು.

ಉಪಕಾರ ಮಾಡುವ ಆತುರದಲ್ಲಿ ತಾಕೆ ಚಿಕ್ಕಮ್ಮ ಎಲ್ಲವನ್ನೂ ಮರೆತಳು. ಸೊಂಟಪಟ್ಟಿ ಎಳೆದು, ಕಿಮೋನೊ ಕಿತ್ತೇಬಿಟ್ಟಳು. ಎಂಟು ಬಟ್ಟಲುಗಳು ಸಭೆಗೆ ದರ್ಶನ ಕೊಟ್ಟವು.

ಯಜಮಾನರ ಮೀಸೆ ನಡುಗಿತು. ಅವರು ಎದ್ದು ನಿಂತು ತಮ್ಮ ಕಿಮೋನೊವನ್ನೇ ಬಿಚ್ಚಿ ಬೆನ್ನು ತಿರುಗಿಸಿದರು. ಅವರ ಜುಬಾನಿನ ಮೇಲೊಂದು ಕಪ್ಪೆ, ಸಾಕೆ ಪೀಪಾಯಿಯಲ್ಲಿ ಅಂಗಾತ ತೇಲುತ್ತಿತ್ತು!

"ಮೂವತ್ತು ವರ್ಷದಿಂದ ತೋರಿಸೋಕೆ ಒಬ್ಬ ರಸಿಕ ಸಿಕ್ಕಿರಲಿಲ್ಲ ಕಣಯ್ಯಾ!" ಎಂದು ಕಿನ್ಸಾಕುವನ್ನು ತಬ್ಬಿಕೊಂಡರು. ಪರದೆಯ ಹಿಂದೆ ಮಿಸಾವೊ ಕಿಸಕ್ಕೆಂದಳು. ಕಿನ್ಸಾಕುವಿಗೆ ಮದುವೆಯೇ ಆಗಿಹೋದಂತೆನಿಸಿತು.

ತಾಯಿ ಮಾತ್ರ ಸದ್ದಿಲ್ಲದೆ ತಿಂಡಿಯ ತಟ್ಟೆಗಳನ್ನು ಒಳಗಿಡತೊಡಗಿದ್ದರು.

"ಹುಡುಗ ಒಳ್ಳೆಯವನೇ ತಾಕೆಯವರೇ. ಆದ್ರೆ ಇಂಥವರೊಬ್ಬರ ಜೊತೆ ಮೂವತ್ತು ವರ್ಷ ನಾನು ಬಾಳಿದ್ದೀನಿ. ಮಗಳಿಗೆ ಆ ಪಾಡು ಬೇಡ."

ಈ ಮನೆಯಲ್ಲಿ ತಾಯಿಯ ಮಾತಿಗೆ ಮೇಲ್ಮನವಿ ಇರಲಿಲ್ಲ. ಒದ್ದೆ ಕಿಮೋನೊ ಹೊದ್ದು ಕಿನ್ಸಾಕು ಬಾಗಿಲು ದಾಟುವಾಗ ಯಜಮಾನರು ಬರಿಗಾಲಲ್ಲೇ ಓಡಿಬಂದು ಅವನ ಕೈ ಹಿಡಿದರು.

"ಹುಡುಗಿ ಸಿಗಲಿಲ್ಲ ಅಂತ ಬೇಜಾರು ಮಾಡ್ಕೋಬೇಡಪ್ಪ. ನಾನು ಸಿಕ್ಕಿದೀನಲ್ಲ!"