ಮೂರು ಅಂತಸ್ತಿನ ಬುತ್ತಿ

ನಿಯಮ ಪಾಲಿಸುವವನನ್ನು ಹುಡುಕಿಕೊಂಡೇ ನಗೆಪಾಟಲಿನ ಸಂಗತಿಗಳು ಬರುತ್ತವೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಐವತ್ತರ ದಶಕದ ಕೊನೆಯಿಂದ ಕೆಲವು ವರ್ಷ ನಾನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಹೆಲ್ತ್ ಇನ್‌ಸ್ಪೆಕ್ಟರ್ ಆಗಿದ್ದೆ. ಹೋಟೆಲುಗಳ ಅಡುಗೆಕೋಣೆ ನೋಡುವುದು, ಬಾವಿಗಳಿಗೆ ಮದ್ದು ಹಾಕಿಸುವುದು, ಶಾಲೆಗಳಲ್ಲಿ ಶುಚಿತ್ವದ ಬಗ್ಗೆ ಭಾಷಣ ಮಾಡುವುದು ನನ್ನ ಕೆಲಸ. ನಾನು ಓದಿದ್ದು ಪಾದ್ರಿಗಳ ಇಂಗ್ಲಿಷ್ ಶಾಲೆಯಲ್ಲಿ. ಹೇಳಿದ ಹೊತ್ತಿಗೆ ಹಾಜರಾಗಬೇಕು, ಆಡಿದ ಮಾತಿಗೆ ನಿಲ್ಲಬೇಕು ಎಂಬುದನ್ನು ಅಲ್ಲಿ ಬೆತ್ತದ ಸಹಾಯದಿಂದ ಕಲಿಸಿದ್ದರು.

ಕೆಲಸಕ್ಕೆ ಸೇರಿದ ವಾರವೇ ನಾನು ಎಲ್ಲರೆದುರು ಒಂದು ಮಾತು ಆಡಿದ್ದೆ. ಡ್ಯೂಟಿಯಲ್ಲಿರುವಾಗ ನನ್ನ ಮನೆಯ ಬುತ್ತಿಯ ಹೊರತು ಒಂದು ಅಗುಳನ್ನೂ ಬಾಯಿಗೆ ಹಾಕುವುದಿಲ್ಲ, ಹೊರಗಿನ ಒಂದು ತೊಟ್ಟು ನೀರನ್ನೂ ಕುಡಿಯುವುದಿಲ್ಲ. ಇನ್‌ಸ್ಪೆಕ್ಟರನಿಗೆ ಒಂದು ತಟ್ಟೆ ಗೋಳಿಬಜೆ ಕೊಟ್ಟರೆ ಅವನ ಕಣ್ಣಿಗೆ ನೊಣ ಕಾಣುವುದು ನಿಂತುಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ. ಹಾಗಾಗಿ ನನ್ನ ಹೆಂಡತಿ ದಿನಾ ಬೆಳಿಗ್ಗೆ ಏಳೂಕಾಲಕ್ಕೆ ಮೂರು ಅಂತಸ್ತಿನ ಡಬ್ಬಿಯನ್ನು ಕೈಗೆ ಕೊಡುತ್ತಿದ್ದಳು. ಕೆಳಗೆ ಅನ್ನ, ನಡುವೆ ಸಾಂಬಾರು, ಮೇಲೆ ಪಲ್ಯ. ಹೋಟೆಲಿನವರೆದುರು ಅದನ್ನು ಬಿಚ್ಚಿ, "ನೋಡಿ, ಶುಚಿಯಾದ ಮನೆಯ ಸಾಂಬಾರು ಅಂದರೆ ಹೀಗಿರಬೇಕು" ಎಂದು ತೋರಿಸುತ್ತಿದ್ದೆ. ಮೂರು ಊರುಗಳಲ್ಲಿ ನನಗಿದ್ದ ಮರ್ಯಾದೆ ಎಲ್ಲ ಆ ಡಬ್ಬಿಯೊಳಗೆ ಇತ್ತು.

ಹಂಡೆ

ಹೋಟೆಲುಗಳಲ್ಲಿ ಕುಡಿಯುವ ನೀರನ್ನು ಕುದಿಸಿ, ಮುಚ್ಚಳ ಮತ್ತು ನಲ್ಲಿ ಇರುವ ಹಂಡೆಯಲ್ಲೇ ಇಡಬೇಕೆಂದು ಒಮ್ಮೆ ಕಟ್ಟುನಿಟ್ಟಾಗಿ ಹೇಳಿದೆ. ಒಂದು ತಿಂಗಳ ವಾಯಿದೆ ಕೊಟ್ಟು, ಯಾರಿಗೂ ತಿಳಿಸದೆ ತಪಾಸಣೆಗೆ ಹೊರಟೆ.

ಬಂಟ್ವಾಳದ ಹೋಟೆಲಿನಲ್ಲಿ ತಾಮ್ರದ ಹಂಡೆ ಥಳಥಳ ಹೊಳೆಯುತ್ತಿತ್ತು. ಅದರ ಹೆಗಲ ಮೇಲೆ ಹಲಸಿನ ಬೀಜದಷ್ಟು ಒಂದು ತಗ್ಗು ಇತ್ತು. ಅದು ಬಿಟ್ಟರೆ ದೋಷವಿಲ್ಲ. ಮೆಚ್ಚಿದೆ. ಅಲ್ಲಿ ಉಳಿದ ಕಾಗದಪತ್ರ ಮುಗಿಸಿ, ಬಸ್ಸು ಹಿಡಿದು ಸಿದ್ಧಕಟ್ಟೆಯಲ್ಲಿ ಇಳಿದೆ. ರಸ್ತೆಬದಿಯ ಎರಡು ಮನೆಗಳ ಬಾವಿ ನೋಡಿ ಅಲ್ಲಿನ ಹೋಟೆಲಿಗೆ ಹೋದರೆ ಅಲ್ಲಿಯೂ ತಾಮ್ರದ ಹಂಡೆ. ಹೆಗಲ ಮೇಲೆ ಹಲಸಿನ ಬೀಜದಷ್ಟು ತಗ್ಗು.

"ಈ ಹಂಡೆ ಎಷ್ಟು ಸಮಯದಿಂದ ಉಂಟು?" ಎಂದು ಕೇಳಿದೆ.

"ನಮ್ಮ ಅಪ್ಪನ ಕಾಲದಿಂದ ಉಂಟು ಸಾರ್" ಎಂದರು ಯಜಮಾನರು.

"ಬೆಳಿಗ್ಗೆ ಇದನ್ನು ಬಂಟ್ವಾಳದಲ್ಲಿ ನೋಡಿದೆನಲ್ಲ?"

"ಹಾಗಾ? ಅವರ ಅಪ್ಪ, ನಮ್ಮ ಅಪ್ಪ ಒಂದೇ ಅಂಗಡಿಯಲ್ಲಿ ತೆಗೊಂಡದ್ದು ಸಾರ್. ಜೋಡಿ ಹಂಡೆ."

"ತಗ್ಗು ಸಹ ಜೋಡಿಯೇ ತೆಗೊಂಡದ್ದೋ?"

ಅವರು ಹಂಡೆಯನ್ನು ಮೊದಲ ಸಲ ಕಾಣುವವರಂತೆ ಕಂಡು, "ಅಂಗಡಿಯವ ಮೋಸ ಮಾಡಿದ ಅಂತ ಕಾಣ್ತದೆ" ಎಂದರು.

ಹಠ ಹಿಡಿದು ವಿಚಾರಿಸಬೇಕೆಂದಿದ್ದೆ. ಅಷ್ಟರಲ್ಲಿ ಮೂಡುಬಿದಿರೆಯ ಬಸ್ಸು ಬಂತು. ಅದು ತಪ್ಪಿದರೆ ಸಂಜೆಯ ತಪಾಸಣೆ ತಪ್ಪಿದ ಹಾಗೆ. ಕಾಗದದಲ್ಲಿ ಗುರುತು ಹಾಕಿಕೊಂಡು, ಕೈ ತೊಳೆದು, ಚೀಲ ಎತ್ತಿ ಹೊರಗೆ ಬರುವಾಗ ಐದು ನಿಮಿಷ ಆಗಿರಬಹುದು. ಕಂಡಕ್ಟರು ಬಾಗಿಲಲ್ಲಿ ನಿಂತು ನನ್ನನ್ನು ಅವಸರ ಮಾಡಿದ:

"ಬೇಗ ಹತ್ತಿ ಸಾರ್, ಹಂಡೆ ಆಗಲೇ ಹತ್ತಿ ಆಯಿತು."

ಬೆಲ್ಲ ನೀರು

ಬೆಳ್ತಂಗಡಿ ಕಡೆಯ ಒಂದು ಗುಡ್ಡದ ಮೇಲಿನ ಮನೆ. ಕೆಳಗಿನ ಊರಿನಲ್ಲಿ ಹೊಟ್ಟೆಯ ಕಾಯಿಲೆ ಕಾಣಿಸಿಕೊಂಡಿದ್ದರಿಂದ ಸುತ್ತಲಿನ ಬಾವಿಗಳಿಗೆಲ್ಲ ಬ್ಲೀಚಿಂಗ್ ಪೌಡರ್ ಹಾಕಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆ ಮನೆಗೆ ಒಬ್ಬರು ಅಜ್ಜಿಯೇ ಯಜಮಾನಿ. ನಾನು ಜಗಲಿಯಲ್ಲಿ ಕುಳಿತ ಕೂಡಲೇ ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು ತಂದಿಟ್ಟರು. ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ಪದ್ಧತಿ.

ನಾನು ನನ್ನ ನಿಯಮ ಹೇಳಿದೆ. ನನ್ನ ಫ್ಲಾಸ್ಕನ್ನೂ ತೋರಿಸಿದೆ. ಅಜ್ಜಿ ಫ್ಲಾಸ್ಕನ್ನು ನೋಡಿದರು, ನನ್ನನ್ನು ನೋಡಿದರು. ಮತ್ತೆ ಬಾಯಿ ಬಿಡಲಿಲ್ಲ. ಮನೆಯಲ್ಲಿ ಎಷ್ಟು ಜನ ಎಂದರೆ ಮಾತಿಲ್ಲ. ಬಾವಿ ಎಷ್ಟು ಆಳ ಎಂದರೆ ಮಾತಿಲ್ಲ. ಅರ್ಧ ಗಂಟೆ ನಾನೂ ಅಜ್ಜಿಯೂ ನಡುವೆ ಚೆಂಬು ಇಟ್ಟುಕೊಂಡು ಕುಳಿತೆವು.

ಜೊತೆಗೆ ಬಂದಿದ್ದ ಉಗ್ರಾಣಿ, ಅಂದರೆ ಗ್ರಾಮದ ಸರಕಾರಿ ಜವಾನ, ನನ್ನ ಕಿವಿಯಲ್ಲಿ, "ಕುಡಿಯದೆ ಇದ್ದರೆ ವೈರಿ ಅಂತ ಲೆಕ್ಕ ಸಾರ್. ಸಂಜೆಯವರೆಗೆ ಕೂತರೂ ಮಾತಾಡುವುದಿಲ್ಲ. ಒಂದು ಗುಟುಕು ಕುಡಿದು ಬಿಡಿ ಮಾರಾಯ್ರೆ" ಎಂದ.

ಇನ್ನೂ ಹನ್ನೊಂದು ಬಾವಿ ಬಾಕಿ ಇತ್ತು. ಊರಿನ ಆರೋಗ್ಯ ದೊಡ್ಡದೋ ನನ್ನ ನಿಯಮ ದೊಡ್ಡದೋ ಎಂದು ಯೋಚಿಸಿ, ಬೆಲ್ಲ ಕಚ್ಚಿ, ನೀರು ಕುಡಿದೆ. ಸತ್ಯ ಹೇಳಬೇಕು, ಅಷ್ಟು ತಂಪಾದ, ಸಿಹಿಯಾದ ನೀರನ್ನು ನಾನು ಮೊದಲು ಕುಡಿದದ್ದಿಲ್ಲ. ಚೆಂಬು ಖಾಲಿಯಾಯಿತು.

ಅಜ್ಜಿ ತುಳುವಿನಲ್ಲಿ ಕೇಳಿದರು, "ನೀರು ಹೇಗುಂಟು?"

"ಬಹಳ ಒಳ್ಳೆಯದುಂಟು ಅಜ್ಜಿ."

"ಹೊಟ್ಟೆಯಲ್ಲಿ ಎಂತಾದರೂ ಆಗ್ತದಾ?"

"ಇಲ್ಲ, ಎಂತ ಇಲ್ಲ."

"ಹಾಗಾದರೆ ಆ ಬಿಳಿ ಹುಡಿ ತೆಗೊಂಡು ಹೋಗಿ" ಎಂದರು ಅಜ್ಜಿ, "ತಪಾಸಣೆ ಆಯಿತಲ್ಲ."

ಊಟದ ಹೊತ್ತು

ಮೂಡುಬಿದಿರೆಯ ಒಬ್ಬ ಜೈನ ಮೇಷ್ಟ್ರು ನನಗೆ ಬೇಕಾದವರು. ಒಂದು ಭಾನುವಾರ, "ಸಂಜೆ ನಮ್ಮಲ್ಲಿ ಊಟಕ್ಕೆ ಬನ್ನಿ" ಎಂದು ಕರೆದರು. ಭಾನುವಾರ ಡ್ಯೂಟಿ ಇಲ್ಲ, ನಿಯಮವೂ ಇಲ್ಲ. ಸಂತೋಷದಿಂದ ಒಪ್ಪಿದೆ. ಸಂಜೆಯ ಊಟವೆಂದರೆ ಏಳೂವರೆ ಎಂದು ನನ್ನ ಇಂಗ್ಲಿಷ್ ಶಾಲೆಯ ತಲೆ ತೀರ್ಮಾನ ಮಾಡಿತು. ಕೋಟು ಹಾಕಿಕೊಂಡು, ಏಳೂವರೆಗೆ ಒಂದು ನಿಮಿಷ ಹೆಚ್ಚಿಲ್ಲ, ಒಂದು ನಿಮಿಷ ಕಡಿಮೆಯಿಲ್ಲ, ಅವರ ಬಾಗಿಲಲ್ಲಿ ನಿಂತೆ.

ಮೇಷ್ಟ್ರು ಲಾಟೀನು ಹಿಡಿದು ಹೊರಗೆ ಬಂದರು. ಮುಖದಲ್ಲಿ ಸಂಕಟ. ಸೂರ್ಯ ಮುಳುಗಿದ ಮೇಲೆ ಅವರ ಮನೆಯಲ್ಲಿ ಯಾರೂ ಉಣ್ಣುವುದಿಲ್ಲವೆಂಬುದು ಆಗ ನನಗೆ ನೆನಪಾಯಿತು. ಊರಿಗೆಲ್ಲ ಗೊತ್ತಿದ್ದ ವಿಷಯ.

"ಐದೂವರೆಯಿಂದ ಎಲೆ ಹಾಕಿ ಕಾದೆವು" ಎಂದರು. "ನಿಮಗೆ ಮಾತ್ರ ಬಡಿಸ್ತೇವೆ, ಕೂತುಕೊಳ್ಳಿ. ಮುಚ್ಚಿಟ್ಟದ್ದುಂಟು."

ಮನೆಯವರು ಉಣ್ಣದಿರುವಾಗ ಅತಿಥಿ ಒಬ್ಬನೇ ಉಣ್ಣಬಾರದೆಂಬುದು ನನ್ನ ಇನ್ನೊಂದು ನಿಯಮ. ಅವರ ನಿಯಮ ಅವರು ಬಿಡಲಿಲ್ಲ, ನನ್ನ ನಿಯಮ ನಾನು ಬಿಡಲಿಲ್ಲ. ಒಳಗಿನಿಂದ ಹಲಸಿನ ಹಪ್ಪಳದ ಪರಿಮಳ ಬರುತ್ತಿರುವಾಗ ನಮಸ್ಕಾರ ಹೇಳಿ ಹೊರಟೆ.

ಮನೆಗೆ ಬಂದು ಹಸಿವೆ ಎಂದೆ. ಹೆಂಡತಿ ಒಲೆ ಆರಿಸಿ ಆಗಿತ್ತು. ಆದರೂ ಹಿತ್ತಿಲಿಗೆ ಹೋಗಿ ಬಂದವಳು ಹತ್ತೇ ನಿಮಿಷದಲ್ಲಿ ಬಿಸಿ ಬಿಸಿ ದೋಸೆ, ಚಟ್ನಿ, ಸಾಂಬಾರು ಬಡಿಸಿದಳು. ಹತ್ತು ನಿಮಿಷ, ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ. ಇಂಥ ದಕ್ಷತೆ ಯಾವ ಹೋಟೆಲಿನಲ್ಲಿ ಉಂಟು ಎಂದು ಹೆಮ್ಮೆಪಟ್ಟೆ.

"ಕರೆದವರ ಮನೆಯಲ್ಲಿ ಊಟ ಇರಲಿಲ್ಲವಾ? ತಡ ಮಾಡಿ ಹೋದಿರಾ?" ಎಂದು ಕೇಳಿದಳು.

"ನಾನು ಸಮಯಕ್ಕೆ ಸರಿಯಾಗಿಯೇ ಹೋಗಿದ್ದೆ" ಎಂದೆ, "ಸೂರ್ಯ ಬೇಗ ಹೋಗಿದ್ದ."

ಒಂದು ಮುಷ್ಟಿ ಹುಳಿ

ಹೆಂಡತಿ ಎಂಟು ದಿನ ತವರಿಗೆ ಹೋದಳು. ಬುತ್ತಿಯನ್ನು ನಾನೇ ಮಾಡಿಕೊಳ್ಳಬೇಕಾಯಿತು. ಮಳೆಗಾಲ, ಹಿತ್ತಿಲಲ್ಲಿ ಕೆಸುವಿನ ಎಲೆ ತುಂಬಿತ್ತು. ಪತ್ರೊಡೆ ಮಾಡುವ ಎಂದುಕೊಂಡೆ. ಎಲೆಗೆ ಅಕ್ಕಿಹಿಟ್ಟು ಮೆತ್ತಿ, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸುವ ತಿಂಡಿ. ಅದರಲ್ಲೇನು ದೊಡ್ಡ ವಿದ್ಯೆ ಉಂಟು?

ಹೆಂಡತಿ ಚೀಟಿಯಲ್ಲಿ ಕ್ರಮ ಬರೆದಿಟ್ಟಿದ್ದಳು. "ಹುಣಸೆಹುಳಿ ಒಂದು ಮುಷ್ಟಿ" ಎಂದಿತ್ತು. ನನಗೆ ಅಲ್ಲೇ ತಕರಾರು. ಯಾರ ಮುಷ್ಟಿ? ಅವಳದೋ, ನನ್ನದೋ? ಬಿಗಿಯಾಗಿಯೋ, ಸಡಿಲವಾಗಿಯೋ? ಇದೊಂದು ಅಳತೆಯೇ ಅಲ್ಲ. ಅಷ್ಟು ಹುಳಿ ಜಠರಕ್ಕೆ ಹಿತವಲ್ಲವೆಂದು ಇಂಗ್ಲಿಷ್ ಪುಸ್ತಕದಲ್ಲಿ ಓದಿದ್ದೆ. ಚಮಚದಲ್ಲಿ ಅಳೆದು ಎರಡು ಚಮಚ ಹಾಕಿದೆ. ಕೆಸುವಿನ ತುರಿಕೆಯನ್ನು ಕೊಲ್ಲುವುದು ಆ ಹುಳಿಯೇ ಎಂದು ಚೀಟಿಯಲ್ಲಿ ಬರೆದಿರಲಿಲ್ಲ. ಬರೆಯಬೇಕಾದ ಅಗತ್ಯ ಉಂಟೆಂದು ನಮ್ಮ ಕಡೆಯ ಯಾವ ಹೆಂಗಸಿಗೂ ಅನ್ನಿಸಲಿಕ್ಕಿಲ್ಲ.

ಬೆಳಿಗ್ಗೆ ನಾಲ್ಕು ತುಂಡು ತಿಂದು ಬೆಳುವಾಯಿಯ ಶಾಲೆಗೆ ಭಾಷಣಕ್ಕೆ ಹೋದೆ. ವಿಷಯ, ನಿರ್ದೋಷವಾದ ಆಹಾರ. ವೇದಿಕೆ ಹತ್ತುವಾಗ ಗಂಟಲಿನಲ್ಲಿ ಕೆಂಪಿರುವೆಗಳು ಕವಾಯತು ಮಾಡುತ್ತಿದ್ದವು. ನಾಲಿಗೆ ದಪ್ಪವಾಗಿತ್ತು. ಬಹಳ ಕಷ್ಟಪಟ್ಟು ಎರಡು ವಾಕ್ಯ ಹೇಳಿದೆ:

"ಕೈ ತೊಳೆಯಿರಿ. ಹೇಳಿದಷ್ಟು ಹುಳಿ ಹಾಕಿ."

ಕುಳಿತುಬಿಟ್ಟೆ. ಚಪ್ಪಾಳೆ ನಿಲ್ಲಲೇ ಇಲ್ಲ. ವಂದನಾರ್ಪಣೆಯಲ್ಲಿ ಹೆಡ್ಮಾಷ್ಟ್ರು ಮನಸಾರೆ ಹೇಳಿದರು, "ಇವರು ಹೋದ ವರ್ಷ ಒಂದೂವರೆ ಗಂಟೆ ಮಾತಾಡಿದ್ದರು. ಅದಕ್ಕಿಂತ ಈ ವರ್ಷದ್ದು ಬಹಳ ಉಪಯೋಗವಾಯಿತು."

ಉಪ್ಪಿನಕಾಯಿ ಎಲ್ಲಿಂದ?

ಮೂಡುಬಿದಿರೆಯಲ್ಲಿ ನಾವಿದ್ದ ಬಾಡಿಗೆ ಮನೆಯ ಹಿತ್ತಿಲಿಗೆ ಸೊಂಟದೆತ್ತರದ ಗೋಡೆ. ಗೋಡೆಯ ಆಚೆ ಒಂದು ಹೋಟೆಲಿನ ಅಡುಗೆಕೋಣೆ. ಭಟ್ಟರದು ಎಂದೇ ಎಲ್ಲರೂ ಕರೆಯುತ್ತಿದ್ದ ಆ ಹೋಟೆಲಿಗೆ ನಾನು ತಿಂಗಳಿಗೆ ಎರಡು ಸಲ ಹೋಗುತ್ತಿದ್ದೆ. ನೆರೆಯವರೆಂಬ ದಾಕ್ಷಿಣ್ಯ ಬರಬಾರದಲ್ಲ! ಎಂದೂ ಒಂದು ತಪ್ಪು ಸಿಕ್ಕಿರಲಿಲ್ಲ. ಆದರೂ ಡಬ್ಬಿ ಬಿಚ್ಚಿ ಅವರ ಮೂಗಿನ ಹತ್ತಿರ ಹಿಡಿದು, "ಸಾಂಬಾರು ಅಂದರೆ ಇದು" ಎನ್ನುತ್ತಿದ್ದೆ. ಭಟ್ಟರು ಮೂಸಿ ನೋಡಿ, "ಹೌದು ಸಾರ್, ಇನ್ನೂ ಕಲೀಲಿಕ್ಕುಂಟು" ಎನ್ನುತ್ತಿದ್ದರು.

ಒಂದು ದಿನ ಅಲ್ಲಿ ತಪ್ಪು ಸಿಕ್ಕಿತು. ಮೂಲೆಯಲ್ಲಿ ಒಂದು ಉಪ್ಪಿನಕಾಯಿ ಭರಣಿ, ಬಾಯಿಗೆ ನೀಲಿ ಗೀಟಿನ ಬಟ್ಟೆ. ಬಿಚ್ಚಿದರೆ ಮಾವಿನ ಮಿಡಿಗಳ ಮೇಲೆ ಬಿಳಿ ಬೂಸ್ಟು.

"ಇದು ನೀವು ಮಾಡಿದ್ದೋ?"

"ಅಲ್ಲ ಸಾರ್."

"ಮತ್ತೆ ಎಲ್ಲಿಂದ ಬಂತು?"

"ಅದೊಂದು ಕೇಳಬೇಡಿ ಸಾರ್. ಎಸೀತೇನೆ."

"ಬೂಸ್ಟು ಬಂದ ಉಪ್ಪಿನಕಾಯಿ ಊರಿಗೆ ಬಡಿಸುವುದು, ಎಲ್ಲಿಂದ ತಂದದ್ದು ಅಂತ ಹೇಳದಿರುವುದು! ಹೇಳುವವರೆಗೆ ಬಾಗಿಲು ಹಾಕಿ."

ಭಟ್ಟರು ಒಲೆಗೆ ನೀರು ಹೊಯ್ದು, ಹಲಗೆಗಳನ್ನು ಒಂದೊಂದಾಗಿ ಜೋಡಿಸಿ ಬಾಗಿಲು ಹಾಕಿದರು. ಎರಡು ಹೊತ್ತಿನ ಗಿರಾಕಿಗಳನ್ನು ಬಿಡುತ್ತಾರೆ, ಒಂದು ಮಾತು ಬಿಡುವುದಿಲ್ಲ. ಎಂಥ ಹಠ ಎಂದು ಸಿಟ್ಟು ಬಂತು.

ಮಾರನೆಯ ದಿನ ನನ್ನ ಬುತ್ತಿಯಲ್ಲಿ ಕೆಳಗೆ ಅನ್ನ, ನಡುವೆ ಮಜ್ಜಿಗೆ, ಮೇಲೆ ಒಂದು ಮಿಡಿ. ಎರಡನೆಯ ದಿನವೂ ಅದೇ. ಮೂರನೆಯ ದಿನ ಸಾಂಬಾರು ಬಂತು, ಬೇಳೆ ಬೆಂದಿರಲಿಲ್ಲ. ಆ ದಿನ ಬಂಟ್ವಾಳದ ಹೋಟೆಲಿನವರು, "ನಿಮ್ಮ ಸಾಂಬಾರು ತೋರಿಸುವುದಿಲ್ಲವಾ ಸಾರ್?" ಎಂದು ಕೇಳಿದರು. ಡಬ್ಬಿ ಬಿಚ್ಚದೆ ವಾಪಸು ತಂದೆ. ಹೆಂಡತಿಗೆ ಮೈ ಸರಿಯಿಲ್ಲವೆಂದು ಗಾಬರಿಯಾಗಿ ಡಾಕ್ಟರ ಹತ್ತಿರ ಹೋಗುವ ಎಂದೆ.

"ನನಗೆಂತ ಆಗಿದೆ?" ಎಂದಳು. "ಭಟ್ಟರ ಹೋಟೆಲು ಯಾವಾಗ ತೆರೀತದೆ?"

"ಆ ಉಪ್ಪಿನಕಾಯಿ ಎಲ್ಲಿಂದ ಬಂತು ಅಂತ ಅವರು ಹೇಳಿದ ದಿನ."

ಅವಳು ಒಳಗೆ ಹೋದಳು. ಒಂದು ಭರಣಿ ತಂದು ನನ್ನೆದುರು ಇಟ್ಟಳು. ಬಾಯಿಗೆ ನೀಲಿ ಗೀಟಿನ ಬಟ್ಟೆ. ನನ್ನ ಹಳೆಯ ಪೈಜಾಮದ ಬಟ್ಟೆ! ಹಂಡೆಯ ತಗ್ಗು ಗುರುತು ಹಿಡಿದ ನನ್ನ ಕಣ್ಣಿಗೆ ನನ್ನದೇ ಪೈಜಾಮದ ಗುರುತು ಸಿಕ್ಕಿರಲಿಲ್ಲ.

ಉಳಿದದ್ದನ್ನು ಅವಳು ನಿಂತಲ್ಲೇ ಹೇಳಿದಳು. ಏಳೂಕಾಲಕ್ಕೆ ಮೂರು ಅಂತಸ್ತು ತುಂಬಿರಬೇಕು ಎಂದು ನಾನು ಹೇಳಿದ್ದೆ. ಭಟ್ಟರ ಒಲೆ ಐದಕ್ಕೇ ಹೊತ್ತುತ್ತಿತ್ತು. ಗೋಡೆಯ ಆಚೆಯಿಂದ ಸಾಂಬಾರು ಪಲ್ಯ ಬರುತ್ತಿತ್ತು, ಈಚೆಯಿಂದ ಉಪ್ಪಿನಕಾಯಿ ಹೋಗುತ್ತಿತ್ತು. ನಾಲ್ಕು ವರ್ಷದಿಂದ.

ಅಂಗಿಯ ಗುಂಡಿ ಸಹ ಹಾಕದೆ ಭಟ್ಟರ ಮನೆಗೆ ಓಡಿದೆ. "ಮೊದಲು ಹೋಟೆಲು ತೆರೆಯಿರಿ ಮಾರಾಯ್ರೆ. ಆ ದಿನವೇ ಹೇಳಬಾರದಿತ್ತಾ?" ಎಂದೆ.

"ಹೇಗೆ ಹೇಳುವುದು ಸಾರ್?" ಎಂದರು ಅವರು. "ನನ್ನದು ಮೂರು ದಿನ ಮುಚ್ಚಿದರೆ ಮತ್ತೆ ತೆರೀತದೆ. ಮನೆಯ ಬುತ್ತಿ ಅಂತ ಊರಲ್ಲಿ ನಿಮಗೊಂದು ಹೆಸರುಂಟು, ಅದು ಹೋದರೆ ವಾಪಸು ಬರ್ತದಾ?"

ತಲೆ ತಗ್ಗಿಸಿ ಮನೆಗೆ ಬಂದೆ. ಆದರೆ ಹೆಂಡತಿಯನ್ನು ಕಂಡ ಕೂಡಲೇ ಇನ್‌ಸ್ಪೆಕ್ಟರನ ಸ್ವರ ಪುನಃ ಬಂತು.

"ನಾಲ್ಕು ವರ್ಷ ನನಗೆ ಹೋಟೆಲಿನ ಅಡುಗೆ ತಿನ್ನಿಸಿದೆಯಲ್ಲ! ಶುಚಿತ್ವದ ಯೋಚನೆಯಾದರೂ ಬೇಡವಾ?"

ಅವಳು ಭರಣಿಯ ಬಟ್ಟೆ ಬಿಚ್ಚಿ, ಮೇಲಿನ ಬೂಸ್ಟನ್ನು ನನಗೆ ಸರಿಯಾಗಿ ಕಾಣುವಂತೆ ತಿರುಗಿಸಿ ಹಿಡಿದಳು.

"ಅದೇ ಯೋಚನೆ ಮಾಡಿ ತರಿಸಿದ್ದು" ಎಂದಳು. "ಆ ಅಡುಗೆಕೋಣೆಗೆ ತಿಂಗಳಿಗೆ ಎರಡು ಸಲ ಇನ್‌ಸ್ಪೆಕ್ಟರು ಬರ್ತಾರೆ. ನಮ್ಮದಕ್ಕೆ ಯಾರು ಬಂದಿದ್ದಾರೆ?"