ಅತ್ತಿಗೆಯ ಬ್ಯಾಗಿಗೆ ಅಗ್ನಿಪರೀಕ್ಷೆ

"ಇನ್ನು ಮೇಲೆ ನಮ್ಮ ಬಳಗದಲ್ಲಿ ಒಬ್ಬರೂ ಮೋಸ ಹೋಗಬಾರದು. ಅದರ ಜವಾಬ್ದಾರಿ ನನ್ನದು," ಎಂದು ಊಟದ ಮೇಜಿನ ಮುಂದೆ ಅವರು ಘೋಷಿಸಿದಾಗ, ಹೆಂಡತಿ ನೀರಿನ ಲೋಟವನ್ನು ಸ್ವಲ್ಪ ಆಚೆ ಸರಿಸಿದಳು. ಘೋಷಣೆ ಮಾಡುವಾಗ ಗಂಡ ಕೈ ಬೀಸುತ್ತಾರೆಂದು ಅವಳಿಗೆ ಗೊತ್ತಿತ್ತು.

"ಈ ಸಲ ಯಾವ ಪುಸ್ತಕ?" ಎಂದಳು.

ಅವಳು ಸುಮ್ಮನೆ ಕೇಳಿದ್ದಲ್ಲ. ಅವರು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವರು. ಅಲ್ಪವಿರಾಮ ತಪ್ಪಿದರೂ ಅವರ ಕಣ್ಣಿಗೆ ಬೀಳುತ್ತಿತ್ತು. ಮದುವೆಯ ಕರೆಯೋಲೆ ಕೊಡಲು ಬಂದವರ ಎದುರಿಗೇ ಅದನ್ನು ತಿದ್ದಿ ಹಿಂದಕ್ಕೆ ಕೊಡುತ್ತಿದ್ದರು. ಹೀಗಾಗಿ ನೆಂಟರಿಷ್ಟರ ನಡುವೆ ಅವರಿಗೆ ಭೂತಗನ್ನಡಿ ಎಂದೇ ಹೆಸರು. ಇಷ್ಟಕ್ಕೇ ನಿಂತಿದ್ದರೆ ತೊಂದರೆ ಇರಲಿಲ್ಲ. ತಿದ್ದಿದ ಪುಸ್ತಕವೆಲ್ಲ ಅವರ ತಲೆಗೂ ಏರುತ್ತಿತ್ತು. ಯಕೃತ್ತಿನ ಬಗೆಗಿನ ಪುಸ್ತಕ ತಿದ್ದಿದ ವರ್ಷ ಮನೆಗೆ ಬಂದವರೆಲ್ಲರ ಕಣ್ಣರೆಪ್ಪೆ ಎಳೆದು ನೋಡಿದ್ದರು. ಗೋಡೆ ಬಿರುಕಿನ ಪುಸ್ತಕ ತಿದ್ದಿದ ವರ್ಷ ಮಹಡಿಯ ಮನೆಯವರು ಇವರ ಮಾತು ಕೇಳಿ ಹೆದರಿ ಬೇರೆ ಮನೆಗೆ ಹೋಗಿಬಿಟ್ಟರು. ಗೋಡೆ ಇಂದಿಗೂ ಗಟ್ಟಿಯಾಗಿದೆ.

"ಹ್ಯಾಂಡ್‌ಬ್ಯಾಗಿನ ಪುಸ್ತಕ," ಎಂದರು ಭೂತಗನ್ನಡಿಯವರು. "ದೊಡ್ಡ ದೊಡ್ಡ ಹೆಸರಿನ ಹಳೇ ಚರ್ಮದ ಬ್ಯಾಗುಗಳು. ಹಳೇದಾದಷ್ಟೂ ಬೆಲೆ ಜಾಸ್ತಿ. ಬೆಲೆ ಜಾಸ್ತಿ ಇರೋ ಕಡೆ ನಕಲೀನೂ ಜಾಸ್ತಿ. ಅಸಲಿ ಯಾವುದು, ನಕಲಿ ಯಾವುದು ಅಂತ ಕಂಡುಹಿಡಿಯೋದೇ ಒಂದು ಶಾಸ್ತ್ರ."

"ನಮ್ಮ ಬಳಗದಲ್ಲಿ ಅಂಥ ಬ್ಯಾಗಿರೋದು ನನ್ನ ಹತ್ರ ಮಾತ್ರ ಅಲ್ವಾ?"

"ನಿನ್ನದರ ಚಿಂತೆ ಬಿಡು. ಅದು ನಾನೇ ತಿಂಗಳುಗಟ್ಟಲೆ ವಿಚಾರಿಸಿ, ಅಳೆದು ಸುರಿದು ಆರಿಸಿ ತಂದದ್ದು."

ಹೆಂಡತಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಶಾಸ್ತ್ರ ಪ್ರಯೋಗಿಸಲು ಹೆಚ್ಚು ಕಾಯಬೇಕಾಗಲಿಲ್ಲ. ಮುಂದಿನ ಭಾನುವಾರ ಹೆಂಡತಿಯ ಅಕ್ಕ, ಅಂದರೆ ಅತ್ತಿಗೆ, ಗಂಡನ ಜೊತೆ ಊಟಕ್ಕೆ ಬಂದರು. ಅತ್ತಿಗೆ ದೊಡ್ಡ ಆಸ್ಪತ್ರೆಯಲ್ಲಿ ಹೆಡ್ ನರ್ಸ್. ಅವರ ಗಂಡ, ಭೂತಗನ್ನಡಿಯವರಿಗೆ ಷಡ್ಡಕ, ಡ್ರೈವಿಂಗ್ ಸ್ಕೂಲ್ ನಡೆಸುವವರು. ಮದುವೆಯ ಇಪ್ಪತ್ತೈದನೇ ವರ್ಷಕ್ಕೆಂದು ಷಡ್ಡಕರು ಹೆಂಡತಿಗೆ ಒಂದು ಹಳೆಯ ಕೈಚೀಲ ಕೊಡಿಸಿದ್ದರು. ಕಾಫಿ ಬಣ್ಣದ ಚರ್ಮ, ಹಿತ್ತಾಳೆಯ ಕೊಂಡಿ, ಒಳಗೆ ಒತ್ತಿದ ಅಚ್ಚು. ಭೂತಗನ್ನಡಿಯವರು ಹೆಂಡತಿಗೆ ತಂದುಕೊಟ್ಟಿದ್ದೂ ಅದೇ ಸಂಸ್ಥೆಯ ಅದೇ ಮಾದರಿಯ ಚೀಲ. ಅತ್ತಿಗೆ ತಮ್ಮದನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು.

"ಒಂದು ನಿಮಿಷ ಕೊಡಿ ಅತ್ತಿಗೆ," ಎಂದರು ಭೂತಗನ್ನಡಿಯವರು.

ಆ ಒಂದು ನಿಮಿಷ ಊಟ ತಣ್ಣಗಾಗುವವರೆಗೂ ಎಳೆಯಿತು. ಓದುವ ಮೇಜಿನ ದೀಪ ಬಂತು. ಅಡುಗೆಮನೆಯ ತಕ್ಕಡಿ ಬಂತು. ಚೀಲವನ್ನು ತೂಗಿದರು, ತಿರುವಿದರು, ಅದರೊಳಗೆ ಮೂಗು ತೂರಿಸಿ ಉಸಿರೆಳೆದುಕೊಂಡರು. ಮೂಲೆಯನ್ನು ಚೂರು ಸುಟ್ಟು ನೋಡಬೇಕೆಂದು ಬೆಂಕಿಪೆಟ್ಟಿಗೆ ಕೇಳಿದರು. ಆಗತಾನೇ ಒಲೆ ಹಚ್ಚಿ ಬಂದಿದ್ದ ಹೆಂಡತಿ, "ಖಾಲಿಯಾಗಿದೆ," ಎಂದಳು. ಕೊನೆಗೆ ಹೆಂಡತಿಯ ಚೀಲವನ್ನು ತರಿಸಿ, ಮೂಲಪ್ರತಿಯ ಪಕ್ಕ ಕರಡನ್ನು ಇಟ್ಟಂತೆ ಎರಡನ್ನೂ ಅಕ್ಕಪಕ್ಕ ಇಟ್ಟರು.

"ನಮ್ಮದರ ಹೊಲಿಗೆ ನೋಡಿ, ಗೆರೆ ಎಳೆದ ಹಾಗಿದೆ. ನಿಮ್ಮದರ ಹೊಲಿಗೆ ನೋಡಿ, ಒಂದೊಂದು ಟಾಕೂ ಓರೆ. 'ಅಸಲಿ ಚೀಲದ ಹೊಲಿಗೆ ನೇರವಾಗಿರುತ್ತದೆ', ಪುಸ್ತಕದಲ್ಲೇ ಇದೆ. ಅಚ್ಚೂ ಬೇರೆ, ಕೊಂಡಿಯ ತೂಕವೂ ಬೇರೆ. ಅಣ್ಣ, ಬೇಜಾರು ಮಾಡ್ಕೋಬೇಡಿ. ನಿಮಗೆ ಯಾರೋ ಚೆನ್ನಾಗಿ ಟೋಪಿ ಹಾಕಿದ್ದಾರೆ."

ಷಡ್ಡಕರ ಮುಖ ಇಂಗು ತಿಂದ ಮಂಗನಂತಾಯಿತು. ಭೂತಗನ್ನಡಿಯವರು ಶಂಕಿಸಿದ್ದು ಚೀಲವನ್ನು. ಷಡ್ಡಕರಿಗೆ ಕೇಳಿಸಿದ್ದು ಶೀಲ ಎಂದು. ಅತ್ತಿಗೆ ಚೀಲದ ಕೊಂಡಿ ಹಾಕಿದರು. ಊಟ ಮಾತಿಲ್ಲದೆ ಮುಗಿಯಿತು. ತಮ್ಮ ಪಾಂಡಿತ್ಯಕ್ಕೆ ಎಲ್ಲರೂ ಮೂಕರಾಗಿದ್ದಾರೆಂದು ಭೂತಗನ್ನಡಿಯವರು ತಿಳಿದುಕೊಂಡರು.

ಮರುದಿನ ಅವರು ಕೆಲಸ ಮುಗಿಸಿ ಬಂದಾಗ ಬಾಗಿಲಲ್ಲೊಂದು ಸೂಟ್‌ಕೇಸ್ ನಿಂತಿತ್ತು.

"ಅಕ್ಕ ಸ್ವಲ್ಪ ದಿನ ಇಲ್ಲೇ ಇರ್ತಾಳೆ," ಎಂದಳು ಹೆಂಡತಿ.

"ಒಂದು ಬ್ಯಾಗಿಗೋಸ್ಕರ ಮನೆ ಬಿಟ್ಟು ಬರೋದಾ ಅತ್ತಿಗೆ?"

"ಬ್ಯಾಗಿಗೋಸ್ಕರ ಅಲ್ಲ," ಎಂದರು ಅತ್ತಿಗೆ, ಸೋಫಾದ ದಿಂಬು ಸರಿಪಡಿಸುತ್ತ. "ನಕಲಿ ಅಂತ ನಿಮಗೆ ಗೊತ್ತಿತ್ತಾ ಅಂತ ಅವರನ್ನ ಕೇಳಿದೆ. ಗೊತ್ತಿದ್ದೂ ತಂದೆ ಅಂದಿದ್ರೆ ಜಗಳ ಆಡಿ ಸುಮ್ಮನಾಗ್ತಿದ್ದೆ. ಅವರೇನಂದ್ರು ಗೊತ್ತಾ? 'ಅಂಗಡಿಯವರು ಕೊಟ್ರು, ನಾನು ತಂದೆ, ಬಿಚ್ಚಿ ಸಹ ನೋಡ್ಲಿಲ್ಲ' ಅಂದ್ರು. ಇಪ್ಪತ್ತೈದು ವರ್ಷಕ್ಕೆ ಒಂದು ಸಲ ಕೊಡೋದನ್ನ ನೋಡದೇ ತರೋದಾ? ನನ್ನನ್ನಾದ್ರೂ ಸರಿಯಾಗಿ ನೋಡಿ ಮದುವೆ ಆದ್ರಾ ಅಂತ ಈಗ ಅನುಮಾನ ಬರ್ತಿದೆ."

ಭೂತಗನ್ನಡಿಯವರು ಸೂಟ್‌ಕೇಸನ್ನು ಎತ್ತಿ ಒಳಗಿಟ್ಟರು.

ಅತ್ತಿಗೆ ಬಂದ ಮೇಲೆ ಮನೆ ವಾರ್ಡಾಯಿತು. ಮಂಚ ಅಕ್ಕತಂಗಿಯರಿಗೆ, ಸೋಫಾ ಭೂತಗನ್ನಡಿಯವರಿಗೆ. ಬೆಳಕು ಹರಿಯುವ ಮೊದಲೇ ಪರದೆ ಸರ್ರೆಂದು ಸರಿಯುತ್ತಿತ್ತು, "ಏಳಿ, ಹಾಸಿಗೆ ಬದಲಾಯಿಸಬೇಕು," ಎಂಬ ಆಜ್ಞೆ ಬರುತ್ತಿತ್ತು. ಅವರ ಕಾಫಿಯಲ್ಲಿ ಸಕ್ಕರೆ ನಿಂತಿತು, ಊಟದಲ್ಲಿ ಉಪ್ಪು ಕಡಿಮೆಯಾಯಿತು. ಒಂದು ದಿನ ಸುಮ್ಮನೆ ಕೆಮ್ಮಿದ್ದಕ್ಕೆ ಬಾಯಿಗೆ ಥರ್ಮಾಮೀಟರ್ ಇಟ್ಟು ಹೋದ ಅತ್ತಿಗೆ, ಫೋನ್ ಬಂತೆಂದು ಅದನ್ನು ತೆಗೆಯುವುದನ್ನೇ ಮರೆತರು. ಹೆಂಡತಿ ಬಂದು ನೋಡಿದಳು, ನಕ್ಕಳು, ಅವಳೂ ತೆಗೆಯಲಿಲ್ಲ.

ಇತ್ತ ಷಡ್ಡಕರದ್ದು ದಿನಕ್ಕೊಂದು ಫೋನು.

"ತಮ್ಮಾ, ವಾಷಿಂಗ್ ಮೆಷಿನ್‌ಗೆ ಸೋಪು ಎಲ್ಲಿಂದ ಹಾಕೋದು, ಕೇಳಿ ಹೇಳಪ್ಪ."

"ನೀವೇ ಕೇಳಿ ಅಣ್ಣ."

"ನನ್ನ ಫೋನ್ ಎತ್ತಲ್ಲ ಅವಳು. ನಿನ್ನೆ ಸ್ಕೂಲಲ್ಲಿ ಕಲಿಯೋಕೆ ಬಂದವರಿಗೆ ಬಲಕ್ಕೆ ತಿರುಗಿಸಿ ಅನ್ನೋ ಬದಲು ಎಡಕ್ಕೆ ಅಂದೆ. ಪುಣ್ಯಕ್ಕೆ ಎದುರಿಗೆ ಹುಲ್ಲಿತ್ತು." ಸ್ವಲ್ಪ ತಡೆದು ಕೇಳಿದರು, "ಆ ಹೊಲಿಗೆ ಅಷ್ಟೊಂದು ಓರೆ ಇತ್ತಾ?"

ಆ ಸಣ್ಣ ದನಿ ಕೇಳಿ ಭೂತಗನ್ನಡಿಯವರಿಗೆ ಮೊದಲ ಬಾರಿಗೆ, ಇಪ್ಪತ್ತೈದು ವರ್ಷದ ಸಂಸಾರದ ಹೊಲಿಗೆಯನ್ನು ತಾವು ಬಿಚ್ಚಿಬಿಟ್ಟೆವಲ್ಲ ಎನಿಸಿತು. ಅಂದು ಸಂಜೆಯೇ ಚೀಲವನ್ನು ಮತ್ತೆ ದೀಪದ ಕೆಳಗೆ ಹಿಡಿದು, "ಅತ್ತಿಗೆ, ಮರುಪರಿಶೀಲನೆ ಮಾಡಿದೆ. ಇದು ಅಸಲಿನೇ," ಎಂದು ತೀರ್ಪು ತಿರುಗಿಸಿದರು.

ಅತ್ತಿಗೆ ಕಣ್ಣೆತ್ತದೆ ಹೇಳಿದರು, "ಸೋಫಾ ಗಟ್ಟಿಯಾಗಿದೆ ಅಂತ ನೇರವಾಗಿ ಹೇಳಿ. ಸುಳ್ಳು ಯಾಕೆ?"

ನಿಜ ಹೇಳಿದಾಗ ಸಂಸಾರ ಮುರಿದಿತ್ತು; ಈಗ ಸುಳ್ಳು ಹೇಳಿದರೂ ಕೂಡುತ್ತಿರಲಿಲ್ಲ. ದಾರಿ ತೋರಿಸಿದ್ದು ಹೆಂಡತಿ.

"ಪುಸ್ತಕ ಬರೆದವರಿಗೇ ತೋರಿಸಿದ್ರೆ?"

ಪುಸ್ತಕ ಬರೆದಾಕೆ ಊರಿನ ಆ ತುದಿಯಲ್ಲಿ ಹಳೆಯ ಕೈಚೀಲಗಳ ಅಂಗಡಿ ಇಟ್ಟಿದ್ದರು. ಚೀಲಗಳನ್ನು ಪರೀಕ್ಷಿಸುವುದನ್ನು ಅಲ್ಲೇ ತರಗತಿ ನಡೆಸಿ ಕಲಿಸುತ್ತಲೂ ಇದ್ದರು. ಶನಿವಾರ ಎಲ್ಲರೂ ಹೊರಟರು. ಷಡ್ಡಕರು ಡ್ರೈವಿಂಗ್ ಸ್ಕೂಲಿನ ಕಾರನ್ನೇ ತಂದಿದ್ದರು. ಅತ್ತಿಗೆ ಹಿಂದಿನ ಸೀಟಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತರು. ಮುಂದೆ ಷಡ್ಡಕರ ಪಕ್ಕದಲ್ಲಿ ಕೂತ ಭೂತಗನ್ನಡಿಯವರ ಕಾಲ ಬಳಿ ಕಲಿಸುವವರ ಬ್ರೇಕಿತ್ತು. ಗಾಬರಿಗೆ ಅವರು ಅದನ್ನು ಆಗಾಗ ತುಳಿಯುತ್ತಿದ್ದರಿಂದ ಕಾರು ದಾರಿಯುದ್ದಕ್ಕೂ ಬಿಕ್ಕಳಿಸುತ್ತ ಸಾಗಿತು. ಹೋಲಿಸಿ ನೋಡಲು ಬೇಕಾಗುತ್ತದೆಂದು ಹೆಂಡತಿಯ ಚೀಲವನ್ನೂ ತರಿಸಿದ್ದರು.

ಅಂಗಡಿಯಾಕೆ ಬೆಳ್ಳಿಕೂದಲಿನ, ನಿಧಾನ ಮಾತಿನ ಹೆಂಗಸು. ಅತ್ತಿಗೆಯ ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಳಗಿನ ಬಟ್ಟೆಯನ್ನು ಹೊರಕ್ಕೆಳೆದು, ಹಿಡಿಕೆಯ ಅಂಚನ್ನು ಉಗುರಿನಿಂದ ಸವರಿ ನೋಡಿದರು. ಅತ್ತಿಗೆ ಬೇರೆಲ್ಲೋ ನೋಡುವಂತೆ ನಟಿಸುತ್ತ ಅಂಗಡಿಯಾಕೆಯ ಕೈಗಳನ್ನೇ ನೋಡುತ್ತಿದ್ದರು.

"ಚೆನ್ನಾಗಿದೆ," ಎಂದರು ಅಂಗಡಿಯಾಕೆ. "ಒಬ್ಬನೇ ಕೂತು ಇಡೀ ಚೀಲ ಹೊಲೀತಿದ್ದ ಕಾಲದ್ದು. ಅಪ್ಪಟ ಅಸಲಿ. ಅನುಮಾನ ಯಾಕೆ ಬಂತು?"

"ಹೊಲಿಗೆ ಓರೆ ಇದೆಯಲ್ಲ ಮೇಡಂ," ಎಂದರು ಭೂತಗನ್ನಡಿಯವರು.

"ಎರಡು ಸೂಜಿ ಹಿಡಿದು ಕೈಯಲ್ಲಿ ಹೊಲಿದ್ರೆ ಓರೆ ಬರಲೇಬೇಕು. ನೇರ ಬಂದ್ರೆ ಅದು ಮೆಷಿನ್ ಹೊಲಿಗೆ."

"ಆದರೆ ನಿಮ್ಮ ಪುಸ್ತಕದಲ್ಲೇ ನೇರ ಅಂತ..."

ಅಂಗಡಿಯಾಕೆ ಚೀಲವನ್ನು ಮೇಜಿನ ಮೇಲಿಟ್ಟು ನಿಟ್ಟುಸಿರುಬಿಟ್ಟರು. "ನಾನು ಬರೆದಿದ್ದು ಓರೆ ಅಂತ. ಅಚ್ಚಾಗಿ ಬಂದಾಗ ನೇರ ಆಗಿತ್ತು. ಆ ಒಂದು ಪದಕ್ಕೆ ಎಷ್ಟು ಜನ ಅಸಲಿ ಬ್ಯಾಗು ಬಿಸಾಡಿದ್ರೋ. ಮುದ್ರಣಾಲಯದವರನ್ನ ಕೇಳಿದೆ. ಅಕ್ಷರ ಜೋಡಿಸಿದ ಹೆಣ್ಣುಮಗಳ ತಪ್ಪಂತೆ. ಸೋಮವಾರ ಅವಳನ್ನ ಕೆಲಸದಿಂದ ತೆಗೀತಾರಂತೆ."

ಕರಡಿನ ಆ ಪುಟ ಭೂತಗನ್ನಡಿಯವರ ಕಣ್ಣೆದುರು ಬಂತು. ಅಸಲಿ ಮಾಲಿನ ಹೊಲಿಗೆ ಓರೆ ಇರುವುದುಂಟೇ, ಬರೆದವರು ಕೈತಪ್ಪಿದ್ದಾರೆ ಎಂದು ಹೊಡೆದುಹಾಕಿ, ಮೇಲೆ 'ನೇರ' ಎಂದು ಗುಂಡಗೆ ಬರೆದದ್ದು ಅವರೇ. ಹಾಗೆ ಬರೆದು ತಮ್ಮನ್ನು ತಾವೇ ಮೆಚ್ಚಿಕೊಂಡು ಒಂದು ಟೀ ಕುಡಿದದ್ದೂ ನೆನಪಾಯಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಹೆಣ್ಣುಮಗಳು ಅವರು ತಿದ್ದಿದ್ದನ್ನು ತಿದ್ದಿದಂತೆಯೇ ಜೋಡಿಸಿದ್ದಳು, ಅಷ್ಟೆ.

"ಅವಳಲ್ಲ," ಎಂದರು. "ನಾನು. ಅಲ್ಲಿ ಕರಡು ತಿದ್ದೋನು ನಾನೇ. ಸೋಮವಾರ ಹೋಗಿ ಮಾಲೀಕರಿಗೆ ನಾನೇ ಹೇಳ್ತೀನಿ."

ಅಂಗಡಿಯಾಕೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇವತ್ತೇ ಹೇಳಿ. ಅವಳು ಇನ್ನೆರಡು ರಾತ್ರಿ ನಿದ್ದೆಗೆಡೋದು ಬೇಡ," ಎಂದು ಫೋನನ್ನು ಅವರ ಕಡೆ ಸರಿಸಿದರು.

ಭೂತಗನ್ನಡಿಯವರು ಅಲ್ಲೇ ನಿಂತು ಫೋನ್ ಮಾಡಿದರು. ಮಾಲೀಕರು ಆ ಕಡೆಯಿಂದ ಹೇಳಿದ್ದೆಲ್ಲ ಅಂಗಡಿಯ ಮೂಲೆಮೂಲೆಗೂ ಕೇಳಿಸಿತು. ಆ ಮಾತುಗಳನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ. ಕೆಲಸವೇನೋ ಉಳಿಯಿತು. ತಪ್ಪು ತಿದ್ದಿದ ಚೀಟಿ ಅಚ್ಚಾದ ಮೇಲೆ ಅದನ್ನು ಪ್ರತಿ ಪುಸ್ತಕಕ್ಕೂ ಅವರೇ ತಮ್ಮ ಕೈಯಾರೆ ಅಂಟಿಸಬೇಕೆಂದು ಆಜ್ಞೆಯಾಯಿತು.

ಅಷ್ಟರಲ್ಲಿ ಅತ್ತಿಗೆ ಚೀಲವನ್ನು ಮತ್ತೆ ತೋಳಿಗೆ ಹಾಕಿಕೊಂಡಿದ್ದರು. "ನೋಡದೇ ತಂದದ್ದಕ್ಕೆ ಸಿಟ್ಟು ಹಾಗೇ ಇದೆ," ಎಂದು ಗಂಡನಿಗೆ ಹೇಳಿದರು. ಹೇಳುವಾಗ ಅವರ ಅಂಗಿಯ ಕಾಲರನ್ನೂ ಸರಿಮಾಡಿದರು. "ಇದೇನು, ಇಸ್ತ್ರಿ ಇಲ್ಲದ ಬಟ್ಟೆ? ನಡೀರಿ ಮನೆಗೆ." ಷಡ್ಡಕರು ತಲೆಯಾಡಿಸಿದರು, ಮಾತಾಡಿದರೆ ಎಲ್ಲಿ ಕೆಡುತ್ತದೋ ಎಂದು ಬಾಯಿ ಬಿಡಲಿಲ್ಲ.

ಕಂಟಕ ಕಳೆಯಿತೆಂದು ಭೂತಗನ್ನಡಿಯವರು ಬೆವರು ಒರೆಸಿಕೊಳ್ಳುತ್ತಿದ್ದಾಗ ಅಂಗಡಿಯಾಕೆ ಮೇಜಿನ ಮೇಲಿದ್ದ ಇನ್ನೊಂದು ಚೀಲ ನೋಡಿ, "ಇದು?" ಎಂದರು.

"ಅದು ಹೋಲಿಕೆಗೆ ತಂದ ಮಾದರಿ, ಮೇಡಂ. ಅದರ ಪಕ್ಕ ಇಟ್ಟೇ ಅತ್ತಿಗೆ ಬ್ಯಾಗನ್ನ ಪರೀಕ್ಷೆ ಮಾಡಿದ್ದು."

ಅಂಗಡಿಯಾಕೆ ಕನ್ನಡಕ ಹಾಕಿಕೊಂಡರು. ಚೀಲ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಅವರ ಮುಖದಲ್ಲಿ ಸಂತೋಷ ಅರಳಿತು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದನ್ನ ನನ್ನ ತರಗತಿಗೆ ಕೊಡ್ತೀರಾ? ನಕಲಿ ಬ್ಯಾಗಲ್ಲಿ ಸಾಮಾನ್ಯವಾಗಿ ಒಂದೋ ಎರಡೋ ತಪ್ಪಿರುತ್ತೆ. ಎಲ್ಲಾ ತಪ್ಪೂ ಒಂದರಲ್ಲೇ ಸಿಗೋದು ಬಹಳ ಅಪರೂಪ. ಕಲಿಯೋರಿಗೆ ತುಂಬಾ ಅನುಕೂಲ ಆಗುತ್ತೆ."

ಭೂತಗನ್ನಡಿಯವರು ಹೆಂಡತಿಯ ಕಡೆ ತಿರುಗಿದರು. ಅವಳ ಮುಖದಲ್ಲಿ ಆಶ್ಚರ್ಯದ ಸುಳಿವೇ ಇರಲಿಲ್ಲ.

"ನಿನಗೆ ಗೊತ್ತಿತ್ತಾ?"

"ಮೊದಲನೇ ಸಲ ಬೆವರಿದಾಗಲೇ ಹಿಡಿಕೆ ಬಣ್ಣ ಅಂಗೈಗೆ ಹತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ತಿಂಗಳುಗಟ್ಟಲೆ ವಿಚಾರಿಸಿ ತಂದಿದ್ರಿ. ಅಷ್ಟು ಖುಷಿಯಲ್ಲಿದ್ರಿ. ಹೇಗೆ ಹೇಳಲಿ?" ಎಂದು ಅವಳು ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿ ಖಾಲಿ ಮಾಡಿದಳು. "ತಗೊಳ್ಳಿ ಮೇಡಂ. ಒಳ್ಳೇ ಕೆಲಸಕ್ಕೆ ಬಂತು."

ಚೀಲದಲ್ಲಿದ್ದುದೆಲ್ಲ ಈಗ ಭೂತಗನ್ನಡಿಯವರ ಪಾಲಿಗೆ ಬಂತು. ಪ್ಯಾಂಟಿನ ಒಂದು ಜೇಬಿನಲ್ಲಿ ಬೀಗದ ಕೈಗಳು, ಇನ್ನೊಂದರಲ್ಲಿ ಬಾಚಣಿಗೆ ಮತ್ತು ತಲೆನೋವಿನ ಮುಲಾಮು. ಅಂಗಿಯ ಜೇಬಿನಲ್ಲಿ ಲಿಪ್‌ಸ್ಟಿಕ್. ಮಡಚುವ ಕೊಡೆ ಕಂಕುಳಲ್ಲಿ. ಹೆಜ್ಜೆ ಇಟ್ಟರೆ ಝಣಝಣ ಸದ್ದು. ಮುಂದೆ ಅತ್ತಿಗೆ ಮತ್ತು ಷಡ್ಡಕರು ಒಬ್ಬರಿಗೊಬ್ಬರು ತಾಗಿಕೊಂಡು ಕಾರಿನ ಕಡೆ ನಡೆಯುತ್ತಿದ್ದರು. ಹಿಂದೆ ಇವರಿಬ್ಬರು.

"ನಿನಗೆ ಹೊಸದೊಂದು ಬ್ಯಾಗು ತಂದುಕೊಡ್ತೀನಿ," ಎಂದರು ಭೂತಗನ್ನಡಿಯವರು, ಮೆಲ್ಲನೆ. "ಈ ಸಲ ಇನ್ನೂ ಚೆನ್ನಾಗಿ ವಿಚಾರಿಸಿ."

"ನೀವು ಬೇಡ," ಎಂದಳು ಹೆಂಡತಿ. "ಭಾವನಿಗೆ ಹೇಳ್ತೀನಿ. ಅವರಿಗೆ ಬ್ಯಾಗಿನ ವಿಷಯ ಏನೂ ಗೊತ್ತಿಲ್ಲ. ಸರಿಯಾದದ್ದೇ ತರ್ತಾರೆ."